ಎಲುಬಿನ ಎಣಿಕೆ: ಅಸ್ಥಿ ಮತ್ತು ಸಂಧಿಗಳ ಜ್ಞಾನದ ಇತಿಹಾಸಕ್ಕೆ ಒಂದು ಪ್ರವೇಶ

ಪೀಠಿಕೆ

ವಯಸ್ಕ ಮನುಷ್ಯನ ದೇಹದಲ್ಲಿ 206 ಎಲುಬುಗಳಿವೆ ಎಂಬುದು ಇಂದು ಶಾಲಾ ಪಠ್ಯಗಳಲ್ಲಿಯೂ ದೊರೆಯುವ ಸಾಮಾನ್ಯ ತಿಳಿವಳಿಕೆ. ತಲೆಬುರುಡೆ ಮತ್ತು ಮುಖದಲ್ಲಿ 22, ಎರಡು ಕಿವಿಗಳೊಳಗಿನ ಕಿರುಮೂಳೆಗಳು 6, ನಾಲಿಗೆಯ ಬುಡದಲ್ಲಿ 1, ಬೆನ್ನುಕಂಬದಲ್ಲಿ 26, ಎದೆಗೂಡಿನಲ್ಲಿ 25, ಹೀಗೆ ದೇಹದ ನಡುಗಂಬಕ್ಕೆ ಸೇರಿದವು 80. ಹೆಗಲನ್ನೂ ಒಳಗೊಂಡು ಎರಡು ತೋಳುಗಳಲ್ಲಿ 64, ಸೊಂಟವನ್ನೂ ಒಳಗೊಂಡು ಎರಡು ಕಾಲುಗಳಲ್ಲಿ 62, ಒಟ್ಟು 126. ಈ ಹಂದರವು ದೇಹಕ್ಕೆ ಆಕಾರವನ್ನೂ ಆಧಾರವನ್ನೂ ಕೊಡುತ್ತದೆ. ಮೆದುಳು, ಹೃದಯ, ಶ್ವಾಸಕೋಶಗಳನ್ನು ಕಾಪಾಡುತ್ತದೆ. ತನ್ನ ಮಜ್ಜೆಯಲ್ಲಿ ರಕ್ತಕಣಗಳನ್ನು ಉತ್ಪಾದಿಸುತ್ತದೆ. ಸುಣ್ಣ, ರಂಜಕ ಮುಂತಾದ ಖನಿಜಗಳ ಭಂಡಾರವಾಗಿಯೂ ಇರುತ್ತದೆ. ಎಲುಬುಗಳು ಕೂಡುವ ಸಂಧಿಗಳಿಂದಾಗಿ ಈ ಗಡಸು ಹಂದರಕ್ಕೆ ಚಲನೆ ಸಾಧ್ಯವಾಗಿದೆ.

206 ಎಂಬ ಸಂಖ್ಯೆಯು ಹೀಗೆ ಖಚಿತವಾಗಿ ಕಂಡರೂ ಅದರ ಹಿಂದೆ ಹಲವು ಒಪ್ಪಂದಗಳಿವೆ. ನವಜಾತ ಶಿಶುವಿನಲ್ಲಿ ಬಿಡಿಬಿಡಿಯಾಗಿ ಎಣಿಸಬಹುದಾದ ಎಲುಬುಗಳು 270ರ ಆಸುಪಾಸಿನಲ್ಲಿರುತ್ತವೆ. ಬೆಳೆದಂತೆ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆನ್ನುಕಂಬದ ಕೆಳಭಾಗದ ತ್ರಿಕಾಸ್ಥಿಯು ಐದು ಕಶೇರುಗಳು ಕೂಡಿ ಆದದ್ದು. ಇಂದಿನ ಲೆಕ್ಕದಲ್ಲಿ ಅದು ಒಂದೇ. ಹಲ್ಲುಗಳು ಲೆಕ್ಕಕ್ಕೆ ಸೇರುವುದಿಲ್ಲ. ಸ್ನಾಯುರಜ್ಜುಗಳೊಳಗೆ ಹುಟ್ಟುವ ಸಣ್ಣ ಎಲುಬುಗಳಲ್ಲಿ ಮಂಡಿಚಿಪ್ಪು ಮಾತ್ರ ಸೇರುತ್ತದೆ, ಉಳಿದವು ಸೇರುವುದಿಲ್ಲ. ಅಂದರೆ ಎಷ್ಟು ಎಲುಬುಗಳಿವೆ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮುನ್ನ, ಯಾವುದನ್ನು ಒಂದು ಎಲುಬೆಂದು ಕರೆಯಬೇಕು ಎಂಬುದು ನಿರ್ಧಾರವಾಗಿರಬೇಕಾಗುತ್ತದೆ.

ಭಾರತೀಯ ಗ್ರಂಥಗಳಲ್ಲಿ ಬರುವ 360 ಮತ್ತು 300 ಎಂಬ ಎಣಿಕೆಗಳ ಬಗ್ಗೆ ಎರಡು ಬಗೆಯ ನಿಲುವುಗಳು ಬಹುಕಾಲದಿಂದ ಪ್ರಚಲಿತವಾಗಿವೆ. ಇವು ಕೇವಲ ಕಲ್ಪನೆಯೆಂದು ತಳ್ಳಿಹಾಕುವುದು ಒಂದು. ಇವುಗಳಲ್ಲಿ ಆಧುನಿಕ ಅಂಗರಚನಾಶಾಸ್ತ್ರವೆಲ್ಲವೂ ಅಡಗಿದೆಯೆಂದು ಹೆಮ್ಮೆಪಡುವುದು ಇನ್ನೊಂದು. ಎರಡೂ ನಿಲುವುಗಳು 206ನ್ನೇ ಅಳತೆಗೋಲಾಗಿ ಹಿಡಿಯುತ್ತವೆ. ಆದರೆ ಪ್ರತಿಯೊಂದು ಎಣಿಕೆಯ ಹಿಂದೆಯೂ ಒಂದು ಉದ್ದೇಶವಿದೆ, ಒಂದು ನೋಡುವ ಕ್ರಮವಿದೆ. ಅವುಗಳನ್ನು ಗುರುತಿಸಿದ ಬಳಿಕವೇ ಆಯಾ ಎಣಿಕೆಯ ಗುಣದೋಷಗಳ ವಿಮರ್ಶೆ ಸಾಧ್ಯ. ಪ್ರಸ್ತುತ ಪ್ರಬಂಧದ ವಿಚಾರ ಇದು.

ವರ್ಷದ ಲೆಕ್ಕ ಮತ್ತು ದೇಹದ ಲೆಕ್ಕ

ಅಥರ್ವವೇದದ ಹತ್ತನೆಯ ಕಾಂಡದಲ್ಲಿ ಪುರುಷನ ದೇಹವನ್ನು ಯಾರು ರಚಿಸಿದರೆಂದು ಕೇಳುವ ಸೂಕ್ತವೊಂದಿದೆ. ಹಿಮ್ಮಡಿಯಿಂದ ತೊಡಗಿ ಮೇಲಕ್ಕೆ ಸಾಗುತ್ತ ಅವಯವಗಳನ್ನು ಒಂದೊಂದಾಗಿ ಹೆಸರಿಸುವ ಅದರ ಕ್ರಮವು ದೇಹದ ಹಂದರವನ್ನು ಅನುಕ್ರಮವಾಗಿ ಕಂಡವರ ಕ್ರಮವಾಗಿದೆ. ಆದರೆ ಅಲ್ಲಿ ಸಂಖ್ಯೆಯಿಲ್ಲ. ಸಂಖ್ಯೆ ಬರುವುದು ಶತಪಥ ಬ್ರಾಹ್ಮಣದಲ್ಲಿ. ಅಗ್ನಿಚಯನದ ವೇದಿಕೆಯನ್ನು ಸಂವತ್ಸರದೊಂದಿಗೂ ಮನುಷ್ಯದೇಹದೊಂದಿಗೂ ಸಮೀಕರಿಸುವ ಸಂದರ್ಭದಲ್ಲಿ, ವೇದಿಕೆಯನ್ನು ಸುತ್ತುವರಿದ ಕಲ್ಲುಗಳು 360, ವರ್ಷದ ರಾತ್ರಿಗಳು 360, ಮನುಷ್ಯನ ಎಲುಬುಗಳು 360 ಎಂದು ಅದು ಹೇಳುತ್ತದೆ. ಇಲ್ಲಿ ಎಲುಬುಗಳನ್ನು ಎಣಿಸಿ ಸಂಖ್ಯೆಯನ್ನು ಪಡೆದಂತಿಲ್ಲ. ಸಂವತ್ಸರದ ಸಂಖ್ಯೆಯನ್ನು ದೇಹಕ್ಕೆ ಅನ್ವಯಿಸಿದಂತಿದೆ. ಯಜ್ಞ, ಕಾಲ, ದೇಹ ಈ ಮೂರೂ ಒಂದೇ ವಿನ್ಯಾಸದವು ಎಂಬ ಪ್ರತಿಪಾದನೆಯೇ ಅದರ ಗುರಿ.

ಒಮ್ಮೆ ಪ್ರತಿಷ್ಠಿತವಾದ ಈ ಸಂಖ್ಯೆಯು ಧರ್ಮಶಾಸ್ತ್ರಕ್ಕೂ ಸಾಗಿಬಂದಿತು. ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ, ಯತಿಧರ್ಮವನ್ನು ನಿರೂಪಿಸುವ ಭಾಗದಲ್ಲಿ, ಗರ್ಭದ ಬೆಳವಣಿಗೆಯ ವರ್ಣನೆಯ ಬಳಿಕ ದೇಹದ ಆರು ಅಂಗಗಳನ್ನೂ 360 ಎಲುಬುಗಳನ್ನೂ ವಿವರವಾಗಿ ಪಟ್ಟಿಮಾಡಲಾಗಿದೆ. ಹಲ್ಲುಗಳು ಮತ್ತು ಅವುಗಳ ಗೂಡುಗಳು ಸೇರಿ 64, ಉಗುರುಗಳು 20 ಎಂದು ಆರಂಭವಾಗುವ ಈ ಪಟ್ಟಿಯು ಚರಕಸಂಹಿತೆಯ ಪಟ್ಟಿಗೆ ನಿಕಟವಾದುದು. ಸ್ಮೃತಿಕಾರನಿಗೆ ಇದು ಚಿಕಿತ್ಸೆಗಾಗಿ ಬೇಕಾದುದಲ್ಲ. ಬಿಡಿಭಾಗಗಳಿಂದ ಕೂಡಿದ ಈ ದೇಹವು ಅಸ್ಥಿರವೆಂಬುದನ್ನು ಅರಿತವನು ಮೋಕ್ಷಕ್ಕೆ ಅರ್ಹನಾಗುತ್ತಾನೆಂಬುದು ಆ ಪ್ರಕರಣದ ತಾತ್ಪರ್ಯ. ಎಲುಬನ್ನು ಎಣಿಸುವುದು ಇಲ್ಲಿ ವೈರಾಗ್ಯದ ಸಾಧನ.

ಕರ್ನಾಟಕದ ಇತಿಹಾಸಕ್ಕೆ ಈ ಸಂದರ್ಭವು ನೇರವಾಗಿ ಸಂಬಂಧಿಸಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಚಾರಕ್ಕಾಗಿ ದೇಶದಾದ್ಯಂತ ಪ್ರಸಿದ್ಧವಾಗಿದೆ. ಆಸ್ತಿಯ ಹಂಚಿಕೆಯನ್ನು ವಿವರಿಸಿದ ಅದೇ ಗ್ರಂಥವು ಪ್ರಾಯಶ್ಚಿತ್ತಾಧ್ಯಾಯದ ಅಸ್ಥಿಗಳ ಪಟ್ಟಿಗೂ ಅರ್ಥ ಹೇಳುತ್ತದೆ. ಮಿತಾಕ್ಷರೆಯ ನ್ಯಾಯಶಾಸ್ತ್ರೀಯ ಮಹತ್ವದ ಮುಂದೆ ಈ ಭಾಗವು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ದೇಹರಚನೆಯ ವಿಚಾರವು ವೈದ್ಯರ ಗ್ರಂಥಗಳಿಗಷ್ಟೇ ಸೀಮಿತವಾಗಿರದೆ ಕನ್ನಡನಾಡಿನ ಧರ್ಮಶಾಸ್ತ್ರಜ್ಞರ ಅಧ್ಯಯನದಲ್ಲಿಯೂ ಇತ್ತೆಂಬುದಕ್ಕೆ ಇದು ಸಾಕ್ಷಿ.

ಚರಕ ಮತ್ತು ಸುಶ್ರುತ: ವೈದ್ಯನ ಪಟ್ಟಿ, ಶಲ್ಯತಜ್ಞನ ಪಟ್ಟಿ

ಚರಕಸಂಹಿತೆಯ ಶಾರೀರಸ್ಥಾನವು 360 ಎಂಬ ಸಂಖ್ಯೆಯನ್ನು ಉಳಿಸಿಕೊಂಡಿದೆ. 32 ಹಲ್ಲುಗಳು, ಅವುಗಳ 32 ಗೂಡುಗಳು, 20 ಉಗುರುಗಳು, ಇಷ್ಟರಲ್ಲೇ 84 ಆಗುತ್ತದೆ. ಎದೆಗೂಡಿನ ಲೆಕ್ಕದಲ್ಲಿ 24 ಪಕ್ಕೆಲುಬುಗಳು, ಅವು ಕೂಡುವ 24 ನೆಲೆಗಳು, 24 ಉಬ್ಬುಗಳು ಬೇರೆಬೇರೆಯಾಗಿ ಎಣಿಕೆಗೊಂಡು 72 ಆಗುತ್ತವೆ. ಗಡಸಾದ, ಗುರುತಿಸಬಹುದಾದ ಪ್ರತಿಯೊಂದು ಭಾಗವನ್ನೂ ಅಸ್ಥಿಯೆಂದು ಪರಿಗಣಿಸುವುದು ಈ ಪಟ್ಟಿಯ ಸೂತ್ರ. ಈ ಸೂತ್ರವನ್ನು ಒಪ್ಪಿಕೊಂಡರೆ ಸಂಖ್ಯೆಯು ದೊಡ್ಡದಾಗುವುದು ಸಹಜ. ಆದರೂ ಇದರಲ್ಲಿ ಸೂತ್ರದಿಂದ ಸಮರ್ಥಿಸಲಾಗದ ದೋಷಗಳೂ ಇವೆ. ಪ್ರತಿಯೊಂದು ಬೆರಳಿಗೂ ಮೂರರಂತೆ ಬೆರಳೆಲುಬುಗಳು 60 ಎಂದು ಹೇಳಲಾಗಿದೆ; ಹೆಬ್ಬೆರಳುಗಳಲ್ಲಿ ಎರಡೆರಡೇ ಇರುವುದರಿಂದ ಅವು ವಾಸ್ತವವಾಗಿ 56. ಅಂಗೈ ಹಾಗೂ ಅಂಗಾಲಿನ ಶಲಾಕೆಗಳನ್ನು ಪ್ರತ್ಯೇಕವಾಗಿ 20 ಎಂದು ಎಣಿಸಿರುವುದರಿಂದ, ಹೆಬ್ಬೆರಳಿನ ಬುಡದ ಎಲುಬನ್ನೇ ಮೂರನೆಯದೆಂದು ಭಾವಿಸಿರಬಹುದು ಎಂಬ ಸಮಾಧಾನಕ್ಕೂ ಅವಕಾಶವಿಲ್ಲ. ಇಲ್ಲಿ ಕಣ್ಣಿಗಿಂತ ಪಟ್ಟಿಯ ಸಮರೂಪತೆಯೇ ಮೇಲಾಗಿದೆ.

ಸುಶ್ರುತಸಂಹಿತೆಯು ಈ ಪರಂಪರೆಯಿಂದ ಬಹಿರಂಗವಾಗಿಯೇ ಭಿನ್ನವಾಗುತ್ತದೆ. ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ, ವೇದವಾದಿಗಳು 360 ಎಲುಬುಗಳನ್ನು ಹೇಳುತ್ತಾರೆ, ಶಲ್ಯತಂತ್ರದಲ್ಲಾದರೋ ಅವು 300 ಮಾತ್ರ ಎಂಬ ಸ್ಪಷ್ಟ ನಿರೂಪಣೆಯಿದೆ. ಕೈಕಾಲುಗಳಲ್ಲಿ 120, ಮುಂಡದಲ್ಲಿ 117, ಕುತ್ತಿಗೆ ಮತ್ತು ಅದರ ಮೇಲ್ಭಾಗದಲ್ಲಿ 63 ಎಂಬುದು ಅದರ ವಿಭಾಗ. ಒಂದು ಕಾಲಿನಲ್ಲಿ ಬೆರಳುಗಳ 15, ಅಂಗಾಲು–ಕೂರ್ಚ–ಗುಲ್ಫಗಳ 10, ಹಿಮ್ಮಡಿಯ 1, ಮೊಣಕಾಲಿನ ಕೆಳಗೆ 2, ಮಂಡಿಯಲ್ಲಿ 1, ತೊಡೆಯಲ್ಲಿ 1, ಒಟ್ಟು 30. ಉಗುರುಗಳನ್ನೂ ಹಲ್ಲಿನ ಗೂಡುಗಳನ್ನೂ ಈ ಪಟ್ಟಿಯು ಕೈಬಿಟ್ಟಿದೆ. ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಉಳಿಸಿಕೊಂಡಿದೆ. ಶ್ರುತಿಯ ಪ್ರಾಮಾಣ್ಯವುಳ್ಳ ಒಂದು ಸಂಖ್ಯೆಯನ್ನು ಹೆಸರಿಸಿ, ತಮ್ಮ ಶಾಸ್ತ್ರದ ಮಟ್ಟಿಗೆ ಅದು ಅನ್ವಯಿಸದೆಂದು ಹೇಳಿದ್ದು ಸಣ್ಣ ಸಂಗತಿಯಲ್ಲ.

ಈ ಧೈರ್ಯದ ಹಿಂದೆ ಪ್ರತ್ಯಕ್ಷದ ಒಂದು ವಿಧಾನವಿತ್ತು. ಅದೇ ಅಧ್ಯಾಯದ ಕೊನೆಯಲ್ಲಿ ಶವಪರೀಕ್ಷೆಯ ಕ್ರಮವನ್ನು ಹೇಳಲಾಗಿದೆ. ಅವಯವಗಳೆಲ್ಲ ಪೂರ್ಣವಾಗಿರುವ, ವಿಷದಿಂದಾಗಲಿ ದೀರ್ಘವ್ಯಾಧಿಯಿಂದಾಗಲಿ ಸಾಯದ, ನೂರು ವರ್ಷದ ಮುದುಕನದಲ್ಲದ ದೇಹವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ಮುಂಜ, ನಾರು, ಕುಶ ಮೊದಲಾದವುಗಳಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಮರೆಯಾದೆಡೆ ಇಡಬೇಕು. ಏಳು ರಾತ್ರಿಗಳ ಬಳಿಕ ಚೆನ್ನಾಗಿ ಕೊಳೆತ ದೇಹವನ್ನು ಹೊರತೆಗೆದು, ಲಾವಂಚ, ಕೂದಲು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ಆರಂಭಿಸಿ ಒಳಗಿನ ಪ್ರತಿಯೊಂದು ಅಂಗವನ್ನೂ ಕಣ್ಣಾರೆ ನೋಡಬೇಕು. ಇಲ್ಲಿ ಶಸ್ತ್ರದಿಂದ ಕತ್ತರಿಸುವ ಮಾತಿಲ್ಲವೆಂಬುದು ಗಮನಾರ್ಹ. ಈ ವಿಧಾನದಲ್ಲಿ ಮೃದು ಅಂಗಗಳು ರೂಪಗೆಡುತ್ತವೆ. ಎಲುಬು, ಸಂಧಿ, ಸ್ನಾಯುಬಂಧಗಳು ಮಾತ್ರ ಬಹುಕಾಲ ಉಳಿಯುತ್ತವೆ. ನರ, ರಕ್ತನಾಳಗಳ ವಿಚಾರಕ್ಕಿಂತ ಅಸ್ಥಿ–ಸಂಧಿಗಳ ವಿಚಾರದಲ್ಲಿ ಸುಶ್ರುತಸಂಹಿತೆಯು ಹೆಚ್ಚು ವಿಶ್ವಸನೀಯವಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಕೆಳದವಡೆಯ ಪ್ರಶ್ನೆ

ಎಣಿಕೆಯ ಭಿನ್ನತೆಯು ಭಾರತಕ್ಕಷ್ಟೇ ಸೀಮಿತವಾದುದಲ್ಲ. ಇದನ್ನು ಅರಿಯಲು ಕೆಳದವಡೆಯ ಒಂದೇ ಉದಾಹರಣೆಯನ್ನು ವಿವಿಧ ಪರಂಪರೆಗಳಲ್ಲಿ ಹಿಂಬಾಲಿಸುವುದು ಉಪಯುಕ್ತ. ಚರಕನ ಪಟ್ಟಿಯಲ್ಲಿ ಹನುವಿನ ಅಸ್ಥಿ ಒಂದು. ಅದರ ಬುಡದ ಬಂಧನಗಳು ಎರಡು. ಸುಶ್ರುತನ ಪಟ್ಟಿಯಲ್ಲಿ ಹನುವಿನ ಅಸ್ಥಿಗಳು ಎರಡು. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಕೂಡ ಕೆಳದವಡೆಯು ಗಲ್ಲದ ಬಳಿ ಕೂಡುವ ಎರಡು ಎಲುಬುಗಳಿಂದಾದುದೆಂದು ತಿಳಿದಿದ್ದನು. ಮನುಷ್ಯನ ಅಸ್ಥಿಪಂಜರವನ್ನು ಕಣ್ಣಾರೆ ನೋಡಲು ಅಲೆಗ್ಸಾಂಡ್ರಿಯಕ್ಕೆ ಹೋಗುವಂತೆ ವಿದ್ಯಾರ್ಥಿಗಳಿಗೆ ಸಲಹೆ ಮಾಡಿದ ಅವನೇ ತನ್ನ ಬಹುಪಾಲು ಛೇದನಗಳನ್ನು ಕೋತಿ ಮುಂತಾದ ಪ್ರಾಣಿಗಳ ಮೇಲೆ ನಡೆಸಿದ್ದನು. ಅವನ ಅಧಿಕಾರವು ಸಾವಿರ ವರ್ಷಗಳಿಗೂ ಮಿಕ್ಕಿ ಅರಬ್ ಹಾಗೂ ಯುರೋಪಿನ ವೈದ್ಯಲೋಕವನ್ನು ಆಳಿತು.

ಆ ಅಧಿಕಾರವನ್ನು ಈ ವಿಚಾರದಲ್ಲಿ ಪ್ರಶ್ನಿಸಿದವನು ಬಾಗ್ದಾದಿನ ವಿದ್ವಾಂಸ ಅಬ್ದುಲ್ ಲತೀಫ್. 1200–1202ರ ಅವಧಿಯಲ್ಲಿ ಈಜಿಪ್ಟನ್ನು ಭೀಕರ ಕ್ಷಾಮವು ಆವರಿಸಿತು. ಕೈರೋ ನಗರದ ಸಮೀಪದ ಅಲ್-ಮಕ್ಸ್‌ನಲ್ಲಿ ಸತ್ತವರ ಎಲುಬುಗಳು ರಾಶಿಯಾಗಿ ಬಿದ್ದಿದ್ದವು. ಅವನ್ನು ಪರಿಶೀಲಿಸಿದ ಅವನು, ಎರಡು ಸಾವಿರಕ್ಕೂ ಹೆಚ್ಚು ತಲೆಗಳನ್ನು ನೋಡಿದರೂ ಕೆಳದವಡೆಯಲ್ಲಿ ಬೆಸುಗೆಯ ಗುರುತೇ ಕಾಣಲಿಲ್ಲವೆಂದೂ ಅದು ಒಂದೇ ಎಲುಬೆಂದೂ ದಾಖಲಿಸಿದನು. ಗ್ಯಾಲೆನನ ಮಾತಿಗಿಂತ ಇಂದ್ರಿಯಗಳ ಸಾಕ್ಷ್ಯವೇ ಮಿಗಿಲೆಂದು ತೀರ್ಮಾನಿಸಿದನು. ಯುರೋಪಿನಲ್ಲಿ ಇದೇ ಮಾತನ್ನು ಸ್ಥಾಪಿಸಿದವನು ಪಡುವಾ ವಿಶ್ವವಿದ್ಯಾನಿಲಯದ ಆಂಡ್ರಿಯಾಸ್ ವೆಸಾಲಿಯಸ್. 1543ರಲ್ಲಿ ಬಾಸೆಲ್ ನಗರದಲ್ಲಿ ಪ್ರಕಟವಾದ ಮಾನವದೇಹ ರಚನೆಯ ಅವನ ಬೃಹದ್ಗ್ರಂಥವು ದವಡೆಯಲ್ಲಿರುವುದು ಒಂದೇ ಎಲುಬೆಂದೂ, ಎದೆಯ ನಡುವಿನ ಎಲುಬಿನಲ್ಲಿ ಗ್ಯಾಲೆನ್ ಹೇಳಿದಂತೆ ಏಳಲ್ಲ, ಮೂರೇ ಭಾಗಗಳೆಂದೂ ತೋರಿಸಿತು.

ಹಾಗಾದರೆ ಗ್ಯಾಲೆನ್ ಮತ್ತು ಸುಶ್ರುತರದು ಪೂರ್ಣ ತಪ್ಪೆ? ಹುಟ್ಟಿದ ಮಗುವಿನಲ್ಲಿ ಕೆಳದವಡೆಯು ಎರಡು ಅರೆಗಳಾಗಿಯೇ ಇರುತ್ತದೆ. ಮೊದಲನೆಯ ವರ್ಷದಲ್ಲಿ ಅವು ಗಲ್ಲದ ಮಧ್ಯದಲ್ಲಿ ಬೆಸೆದು ಒಂದಾಗುತ್ತವೆ. ನಾಯಿಯಂಥ ಪ್ರಾಣಿಗಳಲ್ಲಿ ಆ ಕೂಡು ಹಾಗೆಯೇ ಉಳಿಯುತ್ತದೆ. ಶಿಶುವನ್ನು ನೋಡಿದವನಿಗೆ ಎರಡು, ವಯಸ್ಕನನ್ನು ನೋಡಿದವನಿಗೆ ಒಂದು, ಪ್ರಾಣಿಯನ್ನು ನೋಡಿದವನಿಗೆ ಮತ್ತೆ ಎರಡು. ವಯಸ್ಕ ಮನುಷ್ಯನ ವರ್ಣನೆಯಾಗಿ ಚರಕ, ಅಬ್ದುಲ್ ಲತೀಫ್, ವೆಸಾಲಿಯಸ್ ಇವರ ಮಾತೇ ಸರಿ. ಆದರೆ ಒಂದು ಸಂಖ್ಯೆಯನ್ನು ವಿಮರ್ಶಿಸುವಾಗ ಯಾರ ದೇಹ, ಯಾವ ವಯಸ್ಸಿನ ದೇಹ ಎಂದು ಕೇಳಲೇಬೇಕೆಂಬುದನ್ನು ಈ ಪುಟ್ಟ ಉದಾಹರಣೆ ಮನದಟ್ಟುಮಾಡುತ್ತದೆ.

ಸಂಧಿಗಳ ವರ್ಗೀಕರಣ

ಎಲುಬಿನ ಎಣಿಕೆಗೆ ದೊರೆತಷ್ಟು ಗಮನ ಸಂಧಿಗಳ ವಿಚಾರಕ್ಕೆ ದೊರೆತಿಲ್ಲ. ಸುಶ್ರುತಸಂಹಿತೆಯ ಪ್ರಕಾರ ಎಲುಬುಗಳ ಸಂಧಿಗಳು 210: ಕೈಕಾಲುಗಳಲ್ಲಿ 68, ಮುಂಡದಲ್ಲಿ 59, ಕುತ್ತಿಗೆ ಮತ್ತು ಅದರ ಮೇಲೆ 83. ಇವು ಮೊದಲು ಎರಡು ಬಗೆ: ಚಲಿಸುವವು ಮತ್ತು ಸ್ಥಿರವಾದವು. ಆಕಾರವನ್ನು ಅನುಸರಿಸಿ ಮತ್ತೆ ಎಂಟು ಬಗೆ: ಕೋರ, ಉಲೂಖಲ, ಸಾಮುದ್ಗ, ಪ್ರತರ, ತುನ್ನಸೇವನೀ, ವಾಯಸತುಂಡ, ಮಂಡಲ, ಶಂಖಾವರ್ತ. ಬೆರಳು, ಮಣಿಕಟ್ಟು, ಮೊಣಕೈ, ಮಂಡಿ, ಹರಡುಗಳಲ್ಲಿರುವುದು ಕೋರ; ಬೆನ್ನು ಮತ್ತು ಕುತ್ತಿಗೆಯ ಕಶೇರುಗಳ ನಡುವಿನದು ಪ್ರತರ; ದವಡೆಯ ಎರಡೂ ಬದಿಯಲ್ಲಿರುವುದು ಕಾಗೆಯ ಕೊಕ್ಕನ್ನು ಹೋಲುವ ವಾಯಸತುಂಡ. ಹೆಸರುಗಳೆಲ್ಲ ಮನೆ, ಹೊಲ, ಕಸುಬುಗಳಿಂದ ಬಂದವು. ಕಲಿಯುವವನು ಮೊದಲೇ ಕಂಡು ಬಳಸಿದ ವಸ್ತುವಿನ ಮೂಲಕ ಕಾಣದ ಒಳರಚನೆಯನ್ನು ಗ್ರಹಿಸಲಿ ಎಂಬ ಬೋಧನಕ್ರಮ ಇಲ್ಲಿದೆ.

ತಲೆಬುರುಡೆಯ ಕಪಾಲಗಳು ಕೂಡುವ ಅಂಕುಡೊಂಕಾದ ಗೆರೆಗೆ ತುನ್ನಸೇವನೀ, ಅಂದರೆ ಬಟ್ಟೆಯ ಹೊಲಿಗೆ, ಎಂಬ ಹೆಸರಿದೆ. ಯುರೋಪಿನ ಅಂಗರಚನಾಶಾಸ್ತ್ರವು ಅದೇ ಸಂಧಿಗೆ ಬಳಸುವ ಲ್ಯಾಟಿನ್ ಮೂಲದ ಪದಕ್ಕೂ ಹೊಲಿಗೆಯೆಂದೇ ಅರ್ಥ. ಇದರಿಂದ ಒಂದು ಇನ್ನೊಂದರಿಂದ ಎರವಲು ಪಡೆಯಿತೆಂದು ಊಹಿಸಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಹೆಸರಿಸಿದಾಗ ದೂರದೂರದ ಭಾಷೆಗಳು ಒಂದೇ ಹೋಲಿಕೆಗೆ ಬರುವುದು ಸಾಧ್ಯ.

ಉಲೂಖಲ ಎಂದರೆ ಒರಳು. ತೊಡೆಯ ಸಂದು, ಕಂಕುಳು, ಹಲ್ಲಿನ ಬುಡ ಈ ಮೂರನ್ನೂ ಸುಶ್ರುತಸಂಹಿತೆಯು ಈ ಬಗೆಗೆ ಸೇರಿಸುತ್ತದೆ. ಗುಳಿಯೊಳಗೆ ಕುಳಿತಿರುವ ಆಕಾರವೇ ಇಲ್ಲಿ ಮಾನದಂಡ. ಇಂದಿನ ಶಾಸ್ತ್ರವು ಸಂಧಿಗಳನ್ನು ಅವುಗಳನ್ನು ಬೆಸೆಯುವ ಊತಕದ ಆಧಾರದ ಮೇಲೆ ನಾರಿನ ಸಂಧಿ, ಮೃದ್ವಸ್ಥಿಯ ಸಂಧಿ, ದ್ರವಕೋಶವುಳ್ಳ ಸಂಧಿ ಎಂದು ಮೂರಾಗಿ ವಿಂಗಡಿಸುತ್ತದೆ. ಅದರ ಪ್ರಕಾರ ತೊಡೆಯ ಸಂದು ದ್ರವಕೋಶವುಳ್ಳದ್ದು. ಹಲ್ಲಿನ ಬುಡವು ನಾರಿನಿಂದ ಬಿಗಿದದ್ದು. ಎಂದರೆ ಸುಶ್ರುತನು ಒಂದುಗೂಡಿಸಿದ್ದನ್ನು ಆಧುನಿಕ ಶಾಸ್ತ್ರವು ಬೇರ್ಪಡಿಸುತ್ತದೆ. ಆದರೂ ಚಲನಶೀಲ ಸಂಧಿಗಳನ್ನು ಒಳಗೇ ಮತ್ತೆ ವಿಂಗಡಿಸುವಾಗ ಇಂದಿನ ಶಾಸ್ತ್ರವೂ ಬಿಜಾಗರಿ, ತಿರುಗಣಿ, ಕುದುರೆಯ ಜೀನು, ಚೆಂಡು–ಗುಳಿ ಎಂಬ ಆಕಾರದ ಹೋಲಿಕೆಗಳನ್ನೇ ಅವಲಂಬಿಸಿದೆ.

ಸಂಧಿಗಳ ಚಲನೆಗೆ ಕಾರಣವನ್ನು ಹೇಳುವಾಗ ಸುಶ್ರುತಸಂಹಿತೆಯು ಬಂಡಿಯ ಹೋಲಿಕೆಯನ್ನು ಬಳಸುತ್ತದೆ. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಗಾಲಿಯು ಸರಾಗವಾಗಿ ತಿರುಗುವಂತೆ, ಶ್ಲೇಷ್ಮದಿಂದ ಕೂಡಿದ ಸಂಧಿಗಳು ಸುಗಮವಾಗಿ ಚಲಿಸುತ್ತವೆ ಎಂಬುದು ಅದರ ಭಾವ. ಕನ್ನಡದಲ್ಲಿ ಸಂಧಿಗೆ ರೂಢಿಯಲ್ಲಿರುವ ‘ಕೀಲು’ ಎಂಬ ಮಾತಿಗೆ ಗೂಟ, ಬೆಣೆ, ಗಾಲಿಯ ಅಚ್ಚಿನ ಕಡಾಣಿ ಎಂಬ ಅರ್ಥಗಳೂ ಇವೆ; ಗಾಡಿಯ ಅಚ್ಚಿಗೆ ಹಾಕುವುದನ್ನು ರೈತರು ಕೀಲೆಣ್ಣೆಯೆನ್ನುತ್ತಾರೆ. ಶಾಸ್ತ್ರಗ್ರಂಥದ ಉಪಮೆ ಮತ್ತು ಜನಬಳಕೆಯ ನುಡಿ ಇಲ್ಲಿ ಒಂದೇ ಅನುಭವದಿಂದ ಮೂಡಿವೆ. ಯುರೋಪಿನಲ್ಲಿ ಈ ದ್ರವದ ಅಧ್ಯಯನವು 1691ರಲ್ಲಿ ಪ್ರಕಟವಾದ ಕ್ಲಾಪ್ಟನ್ ಹೇವರ್ಸ್‌ನ ಅಸ್ಥಿಶಾಸ್ತ್ರ ಗ್ರಂಥದಿಂದಲೂ, ಸಂಧಿಯ ಮೃದ್ವಸ್ಥಿಯ ಅಧ್ಯಯನವು 1743ರ ವಿಲಿಯಂ ಹಂಟರನ ಪ್ರಬಂಧದಿಂದಲೂ ಬಲಗೊಂಡವು. ಶ್ಲೇಷ್ಮವು ತ್ರಿದೋಷ ಸಿದ್ಧಾಂತದ ಅಂಗ. ಹೇವರ್ಸ್ ವರ್ಣಿಸಿದ ದ್ರವವು ಕಣ್ಣಿಗೆ ಕಾಣುವ ಪದಾರ್ಥ. ಎರಡನ್ನೂ ಒಂದೇ ಎನ್ನುವುದು ಸರಿಯಾಗದು. ಚಲಿಸುವ ಸಂಧಿಗೆ ಜಾರುವಿಕೆ ಬೇಕೆಂಬ ಅವಲೋಕನ ಮಾತ್ರ ಎರಡಕ್ಕೂ ಸಮಾನ.

ವರ್ಗೀಕರಣದ ಪ್ರಯೋಜನ: ಮುರಿದ ಎಲುಬು

ಸುಶ್ರುತಸಂಹಿತೆಯು ಎಲುಬುಗಳನ್ನು ಐದು ಜಾತಿಗಳಾಗಿ ವಿಂಗಡಿಸಿದೆ. ತಲೆ, ಹೆಗಲು, ನಿತಂಬ, ಮಂಡಿ ಮೊದಲಾದೆಡೆಗಳ ಚಪ್ಪಟೆ ಎಲುಬುಗಳು ಕಪಾಲ, ಹಲ್ಲುಗಳು ರುಚಕ, ಮೂಗು, ಕಿವಿ ಮುಂತಾದೆಡೆಗಳ ಮೃದ್ವಸ್ಥಿಗಳು ತರುಣ, ಪಕ್ಕೆ, ಬೆನ್ನು ಇತ್ಯಾದಿಗಳಲ್ಲಿರುವ ಬಾಗಿದವು ವಲಯ, ಉಳಿದ ಕೊಳವೆಯಾಕಾರದವು ನಲಕ. ಹಲ್ಲು ಮತ್ತು ಮೃದ್ವಸ್ಥಿಗಳನ್ನು ಎಲುಬಿನ ಲೆಕ್ಕದಲ್ಲಿ ಸೇರಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವು ಶಾರೀರಸ್ಥಾನದಲ್ಲಿ ಅಲ್ಲ, ನಿದಾನಸ್ಥಾನದ ಭಗ್ನ ಪ್ರಕರಣದಲ್ಲಿ ದೊರೆಯುತ್ತದೆ. ಪೆಟ್ಟು ಬಿದ್ದಾಗ ತರುಣಗಳು ಬಾಗುತ್ತವೆ, ನಲಕಗಳು ಮುರಿಯುತ್ತವೆ, ಕಪಾಲಗಳು ಒಡೆಯುತ್ತವೆ, ರುಚಕಗಳು ಸೀಳುತ್ತವೆ ಎಂದು ಅಲ್ಲಿ ಹೇಳಲಾಗಿದೆ. ವರ್ಗೀಕರಣದ ಆಧಾರವು ಎಲುಬಿನ ಆಕಾರವಾದರೂ ಅದರ ಪ್ರಯೋಜನವು ಗಾಯದ ಸ್ವರೂಪವನ್ನು ಗುರುತಿಸುವುದು. ಪೆಟ್ಟು ತಿಂದವನನ್ನು ಎದುರಿಗಿಟ್ಟುಕೊಂಡ ಶಲ್ಯವೈದ್ಯನಿಗೆ ಹಲ್ಲೂ ಮುರಿಯುವ ವಸ್ತುವೇ, ಮೂಗಿನ ಮೃದ್ವಸ್ಥಿಯೂ ಸರಿಪಡಿಸಬೇಕಾದ ವಸ್ತುವೇ. ಅವನ ಪಟ್ಟಿಯಿಂದ ಅವು ಹೊರಗುಳಿಯುವಂತಿರಲಿಲ್ಲ.

ಅದೇ ಪ್ರಕರಣವು ಸಂಧಿ ತಪ್ಪುವುದರಲ್ಲಿ ಆರು ಬಗೆ, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆಗಳನ್ನು ಹೇಳುತ್ತದೆ. ಚಿಕಿತ್ಸಾಸ್ಥಾನದಲ್ಲಿ ಅತ್ತಿ, ಅಶ್ವತ್ಥ, ಮುತ್ತುಗ, ಬಿದಿರು, ಆಲ ಮೊದಲಾದವುಗಳ ತೊಗಟೆಯನ್ನೋ ಸೀಳನ್ನೋ ದಬ್ಬೆಯಾಗಿ ಕಟ್ಟುವ ಕ್ರಮವಿದೆ. ತಂಪಿನ ಋತುವಿನಲ್ಲಿ ಏಳು ದಿನಕ್ಕೆ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೆ, ಬೇಸಗೆಯಲ್ಲಿ ಮೂರು ದಿನಕ್ಕೆ ಕಟ್ಟನ್ನು ಬದಲಾಯಿಸಬೇಕು. ಕಾಲು ಮತ್ತು ತೊಡೆಯ ಮುರಿತದಲ್ಲಿ ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಐದು ಕಡೆ ಗೂಟಗಳನ್ನು ನಿಲ್ಲಿಸಿ ಅಂಗವು ಅಲುಗದಂತೆ ಮಾಡಬೇಕು. ಸಂಧಿಯು ಗಟ್ಟಿಯಾಗಲು ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಾದರೆ ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಕು. ಸಮಸ್ಥಿತಿಗೆ ತಂದು, ಅಲುಗದಂತೆ ಬಿಗಿದು, ಕಾಲಕ್ಕೆ ಬಿಡುವುದು ಎಂಬ ಈ ಕ್ರಮವು ಇಂದಿನ ಚಿಕಿತ್ಸೆಯ ತತ್ತ್ವಕ್ಕೂ ಸಮೀಪವಾಗಿದೆ. ಈ ಸಂಹಿತೆಯ ಅಸ್ಥಿಜ್ಞಾನದ ಯೋಗ್ಯತೆಯನ್ನು 300 ಎಂಬ ಸಂಖ್ಯೆಗಿಂತ ಈ ಚಿಕಿತ್ಸಾಕ್ರಮವೇ ಹೆಚ್ಚು ಚೆನ್ನಾಗಿ ತಿಳಿಸುತ್ತದೆ.

ಎರಡು ಶಾಸ್ತ್ರಗಳ ಮುಖಾಮುಖಿ

1835ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಅಲ್ಲಿನ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು ಹೊಸ ಕಾಲೇಜನ್ನು ಸೇರಿದರು. 1836ರಲ್ಲಿ ಅವರು ನಡೆಸಿದ ಶವಚ್ಛೇದನವು ಆಧುನಿಕ ಭಾರತದಲ್ಲಿ ಭಾರತೀಯರೊಬ್ಬರು ಕೈಗೊಂಡ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಸುಶ್ರುತಸಂಹಿತೆಯನ್ನು ಸಂಪಾದಿಸಿ 1835–36ರಲ್ಲಿ ಅಚ್ಚಿಗೆ ತಂದವರೂ ಅವರೇ. ಒಂದು ಕೈಯಲ್ಲಿ ಸಂಹಿತೆಯ ಕರಡನ್ನೂ ಇನ್ನೊಂದು ಕೈಯಲ್ಲಿ ಛೇದನದ ಶಸ್ತ್ರವನ್ನೂ ಹಿಡಿದ ಈ ಪಂಡಿತರ ಬದುಕು, ಹಳೆಯ ಶಾಸ್ತ್ರವನ್ನು ತೊರೆದು ಹೊಸದನ್ನು ಸೇರುವ ಸರಳ ಕಥೆಯಾಗಿರಲಿಲ್ಲ. ಕಣ್ಣಾರೆ ನೋಡಬೇಕೆಂಬ ಆಜ್ಞೆಯು ಅವರು ಸಂಪಾದಿಸಿದ ಗ್ರಂಥದಲ್ಲೇ ಇತ್ತು.

ಪ್ರಾಚೀನ ಅಸ್ಥಿಶಾಸ್ತ್ರದ ಮೊದಲ ವ್ಯವಸ್ಥಿತ ಅಧ್ಯಯನವು 1907ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಅದರ ಕರ್ತೃ ಎ. ಎಫ್. ರುಡಾಲ್ಫ್ ಹೋರ್ನ್ಲೆ (1841–1918) ಅವರು ಚರಕ, ಸುಶ್ರುತ, ಯಾಜ್ಞವಲ್ಕ್ಯ ಮುಂತಾದ ಪಟ್ಟಿಗಳನ್ನೂ ವಿಜ್ಞಾನೇಶ್ವರನೇ ಮೊದಲಾದ ವ್ಯಾಖ್ಯಾನಕಾರರ ಅರ್ಥಗಳನ್ನೂ ಎದುರುಬದುರಿಟ್ಟು ಪರಿಶೀಲಿಸಿದರು. ಭಾರತೀಯರ ಅಸ್ಥಿಜ್ಞಾನವು ಪ್ರತ್ಯಕ್ಷವನ್ನು ಆಧರಿಸಿದ್ದೆಂದು ಸಾಧಿಸಿದ್ದು ಅವರ ದೊಡ್ಡ ಕೊಡುಗೆ. ಆದರೆ ಪ್ರಚಲಿತ ಪಾಠಗಳು ಲಿಪಿಕಾರರಿಂದಲೂ ತಿದ್ದುವವರಿಂದಲೂ ಕೆಟ್ಟಿವೆಯೆಂದು ಭಾವಿಸಿ, ಅವುಗಳನ್ನು ಆಧುನಿಕ ಅಂಗರಚನೆಗೆ ಹೊಂದುವಂತೆ ಪುನಾರಚಿಸುವ ಕಡೆಗೆ ಅವರ ಒಲವು ಹರಿಯಿತು. ಪಾಠವು ದೇಹಕ್ಕೆ ಹೊಂದದಿದ್ದಾಗ ಪಾಠವೇ ಕೆಟ್ಟಿರಬೇಕೆಂಬ ಈ ತರ್ಕವು, ಬೆರಳೆಲುಬಿನಂತೆ ಮೂಲದಲ್ಲಿಯೇ ದೋಷವಿರಬಹುದಾದ ಸಾಧ್ಯತೆಗೂ ಎಣಿಕೆಯ ಸೂತ್ರವೇ ಬೇರೆಯಾಗಿರಬಹುದಾದ ಸಾಧ್ಯತೆಗೂ ಸಾಕಷ್ಟು ಎಡೆಕೊಡುವುದಿಲ್ಲ.

ಇದಕ್ಕೆ ಭಿನ್ನವಾದ ಹಾದಿಯನ್ನು ಹಿಡಿದವರು ಕಲ್ಕತ್ತೆಯ ಕವಿರಾಜ ಗಣನಾಥ ಸೇನರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಬೆಳಕು ಕಂಡ ಅವರ ‘ಪ್ರತ್ಯಕ್ಷಶಾರೀರಮ್’ ಗ್ರಂಥವು ಆಧುನಿಕ ಅಂಗರಚನೆಯನ್ನು ಸಂಸ್ಕೃತದಲ್ಲಿ ನಿರೂಪಿಸಿತು. ಪ್ರಾಚೀನ ಪಾಠವನ್ನು ತಿದ್ದುವುದಕ್ಕೆ ಬದಲಾಗಿ, ಪ್ರತ್ಯಕ್ಷಕ್ಕೆ ಹೊಂದುವ ಹೊಸ ಪಾಠವನ್ನೇ ರಚಿಸುವುದು ಅವರ ಮಾರ್ಗ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಆಯುರ್ವೇದ ಕಾಲೇಜು ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಹೀಗೆ 360, 300, 206 ಎಂಬ ಲೆಕ್ಕಗಳು ಒಂದೇ ನಗರದ ಎರಡು ವಿದ್ಯಾಲಯಗಳಲ್ಲಿ ಅಕ್ಕಪಕ್ಕದಲ್ಲಿ ಬೋಧನೆಗೊಂಡವು.

ಯಾರ ಎಲುಬು?

ಅಸ್ಥಿಜ್ಞಾನದ ಇತಿಹಾಸದಲ್ಲಿ ಉಳಿಯುವ ಇನ್ನೊಂದು ಪ್ರಶ್ನೆಯೆಂದರೆ, ನೋಡುವುದಕ್ಕೆ ದೊರೆತ ಎಲುಬುಗಳು ಯಾರವು ಎಂಬುದು. ಅಬ್ದುಲ್ ಲತೀಫನಿಗೆ ದೊರೆತವು ಕ್ಷಾಮದಲ್ಲಿ ಸತ್ತ ಅನಾಮಿಕರವು. ವೆಸಾಲಿಯಸ್ ಬಾಸೆಲಿನಲ್ಲಿ 1543ರಲ್ಲಿ ಜೋಡಿಸಿದ, ಇಂದಿಗೂ ಅಲ್ಲಿನ ಸಂಗ್ರಹಾಲಯದಲ್ಲಿರುವ ಅಸ್ಥಿಪಂಜರವು ಮರಣದಂಡನೆಗೆ ಗುರಿಯಾದ ಅಪರಾಧಿಯದು. ಬ್ರಿಟನ್ನಿನಲ್ಲಿ 1752ರ ಕಾನೂನು ಕೊಲೆಗಡುಕರ ದೇಹವನ್ನು ಛೇದನಕ್ಕೆ ಕೊಡುವುದನ್ನು ಶಿಕ್ಷೆಯ ಭಾಗವಾಗಿಸಿತು; ಬೇಡಿಕೆ ಹೆಚ್ಚಿ, 1828ರಲ್ಲಿ ಎಡಿನ್‌ಬರೋದಲ್ಲಿ ಶವದ ಹಣಕ್ಕಾಗಿಯೇ ಸರಣಿ ಕೊಲೆಗಳು ನಡೆದ ಬಳಿಕ, 1832ರ ಕಾನೂನು ವಾರಸುದಾರರಿಲ್ಲದ ಶವಗಳನ್ನು ಬೋಧನೆಗೆ ಒದಗಿಸಿತು. ಭಾರತದ ರಾಜ್ಯಗಳ ಕಾನೂನುಗಳೂ ಇದೇ ಜಾಡಿನವು. ಕರ್ನಾಟಕದಲ್ಲಿ 1957ರ ಅಂಗರಚನಾಶಾಸ್ತ್ರ ಅಧಿನಿಯಮವು ಇಂಥ ಶವಗಳನ್ನು ಬೋಧನಾ ಸಂಸ್ಥೆಗಳಿಗೆ ಕೊಡಲು ಅವಕಾಶ ಕಲ್ಪಿಸಿತು.

ಇದರೊಂದಿಗೆ ಎಲುಬು ಸರಕಾಗಿಯೂ ಮಾರ್ಪಟ್ಟಿತು. ವಸಾಹತು ಕಾಲದಿಂದ ತೊಡಗಿ ಬಹುಕಾಲ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಜೋಡಿಸಿದ ಅಸ್ಥಿಪಂಜರಗಳನ್ನು ಒದಗಿಸಿದ ಪ್ರಮುಖ ದೇಶ ಭಾರತ. ಈ ವ್ಯಾಪಾರದ ಕೇಂದ್ರ ಕಲ್ಕತ್ತೆ. 1985ರಲ್ಲಿ ಭಾರತ ಸರ್ಕಾರವು ಮಾನವ ಎಲುಬುಗಳ ರಫ್ತನ್ನು ನಿಷೇಧಿಸಿತು. ಅದುವರೆಗೆ ಹೊರದೇಶಗಳಿಗೆ ಹೋದ ಅಸ್ಥಿಪಂಜರಗಳ ಹೆಸರು, ಊರು, ಒಪ್ಪಿಗೆ ಯಾವುದೂ ದಾಖಲೆಯಲ್ಲಿ ಇಲ್ಲ. 206 ಎಂಬ ಸಂಖ್ಯೆಯನ್ನು ಜಗತ್ತಿನ ಎಷ್ಟೋ ತರಗತಿಗಳಲ್ಲಿ ವಿದ್ಯಾರ್ಥಿಗಳು ಬೆರಳಿಟ್ಟು ಕಲಿತದ್ದು ಭಾರತದ ಬಡವರ ಎಲುಬುಗಳ ಮೇಲೆ. ಇತ್ತೀಚಿನ ದಶಕಗಳಲ್ಲಿ ಪ್ಲಾಸ್ಟಿಕ್ಕಿನ ಮಾದರಿಗಳೂ ಸ್ವಇಚ್ಛೆಯ ದೇಹದಾನವೂ ಹೆಚ್ಚಿವೆ. ಜ್ಞಾನದ ಮೂಲದಲ್ಲಿ ಒಪ್ಪಿಗೆಯೂ ಇರಬೇಕೆಂಬ ತಿಳಿವು ಬಹಳ ತಡವಾಗಿ ಬಂದದ್ದು.

ಸಮಾರೋಪ

ಶತಪಥ ಬ್ರಾಹ್ಮಣಕ್ಕೆ ಎಲುಬು ಕಾಲದ ಸಂಕೇತ. ಯಾಜ್ಞವಲ್ಕ್ಯನಿಗೆ ದೇಹದ ಅಸ್ಥಿರತೆಯ ಪಾಠ. ಚರಕನಿಗೆ ದೇಹದ ಗಡಸು ಭಾಗಗಳ ಸಮಗ್ರ ಪಟ್ಟಿ. ಸುಶ್ರುತನಿಗೆ ಮುರಿಯಬಲ್ಲ, ಕೂಡಿಸಬಲ್ಲ ವಸ್ತು. ಆಧುನಿಕ ಶಾಸ್ತ್ರಕ್ಕೆ ಬೆಳೆದು ಬೆಸೆದು ನಿಂತ ಜೀವಂತ ಊತಕ. ಸಂಖ್ಯೆಗಳು ಬೇರೆಯಾಗಿರುವುದು ಪ್ರಶ್ನೆಗಳು ಬೇರೆಯಾಗಿದ್ದುದರಿಂದ. ಇದರಿಂದ ಎಲ್ಲ ಎಣಿಕೆಗಳೂ ಸಮಾನವಾಗಿ ಸರಿಯೆಂದಾಗುವುದಿಲ್ಲ. ಹೆಬ್ಬೆರಳಿನಲ್ಲಿ ಮೂರು ಎಲುಬುಗಳಿಲ್ಲ. ವಯಸ್ಕನ ದವಡೆಯಲ್ಲಿ ಎರಡಿಲ್ಲ. ಆದರೆ ಒಂದು ಎಣಿಕೆಯ ತಪ್ಪನ್ನು ಅದರ ಸೂತ್ರದೊಳಗಿನಿಂದ ತೋರಿಸುವುದು ಬೇರೆ, ಹೊರಗಿನ ಸಂಖ್ಯೆಯೊಂದಕ್ಕೆ ಹೊಂದಲಿಲ್ಲವೆಂದು ತಳ್ಳುವುದು ಅಥವಾ ಹೊಂದುವಂತೆ ತಿದ್ದುವುದು ಬೇರೆ.

ಪರಂಪರೆಯ ಸಂಖ್ಯೆ ಎದುರಿಗಿದ್ದಾಗಲೂ ಕಣ್ಣನ್ನು ನಂಬಿದ ಸಂದರ್ಭಗಳು ಈ ಇತಿಹಾಸದಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ: ವೇದವಾದಿಗಳಿಂದ ಬೇರೆಯಾಗಿ ನಿಂತ ಶಲ್ಯತಂತ್ರ, ಗ್ಯಾಲೆನನಿಂದ ಬೇರೆಯಾಗಿ ನಿಂತ ಅಬ್ದುಲ್ ಲತೀಫ್ ಮತ್ತು ವೆಸಾಲಿಯಸ್, ಸಂಹಿತೆಯ ಸಂಪಾದಕರಾಗಿದ್ದೂ ಶಸ್ತ್ರವನ್ನು ಕೈಗೆತ್ತಿಕೊಂಡ ಮಧುಸೂದನ ಗುಪ್ತರು. ಭಾರತೀಯ ಅಸ್ಥಿಶಾಸ್ತ್ರದ ಪರಂಪರೆಯೆಂದು ಎತ್ತಿಹಿಡಿಯಬೇಕಾದುದು 300 ಎಂಬ ಸಂಖ್ಯೆಯನ್ನಲ್ಲ, ಆ ಸಂಖ್ಯೆಯನ್ನು ಸಾಧ್ಯವಾಗಿಸಿದ ಭಿನ್ನಮತದ ಧೈರ್ಯವನ್ನು. ಮಿತಾಕ್ಷರೆಯ ಅಸ್ಥಿಪ್ರಕರಣವೂ ಕನ್ನಡನಾಡಿನ ಆಯುರ್ವೇದ ಗ್ರಂಥಪರಂಪರೆಯೂ ಈ ದೃಷ್ಟಿಯಿಂದ ಮರುಪರಿಶೀಲನೆಗೆ ಅರ್ಹವಾಗಿವೆ.